ಗಾಣದ ಬೀದಿಗೆ ಬರಲಿರುವ ಗರುಡ

ನನಗೆ ಸಿಟ್ಟು ಬಂದು ವರ್ಷವಾಗುತ್ತ ಬಂತು, ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ. ಸಮಾಧಾನ ಹೇಳಲು ಬಂದವರಿಗೆಲ್ಲ ಕಾಫಿ ಕೊಟ್ಟಿದ್ದೇನೆ, ಸಮಾಧಾನವನ್ನು ಮಾತ್ರ ಅವರ ಕೈಯಲ್ಲೇ ವಾಪಸು ಕಳಿಸಿದ್ದೇನೆ. ನನ್ನ ಹೆಸರು ದಾಕ್ಷಾಯಣಿ. ಗಾಣದ ಬೀದಿಯಲ್ಲಿ ಇಪ್ಪತ್ತಾರು ವರ್ಷದಿಂದ ಹೆಂಗಸರ ಬಟ್ಟೆ ಹೊಲಿಯುತ್ತಿದ್ದೇನೆ. ವಯಸ್ಸು ನಲವತ್ತೆಂಟು, ಎತ್ತರ ಮೂರು ಅಡಿ ಹತ್ತು ಇಂಚು. ಎತ್ತರದ ಮಾತನ್ನು ನಾನೇ ಮೊದಲು ಹೇಳಿಬಿಡುವುದು ವಾಡಿಕೆ. ಇಲ್ಲದಿದ್ದರೆ ಎದುರಿಗಿದ್ದವರು ಅದನ್ನು ಕೇಳಲೂ ಆಗದೆ, ಕೇಳದೆ ಇರಲೂ ಆಗದೆ ಒದ್ದಾಡುತ್ತಾರೆ.

ನಮ್ಮೂರಿನ ಪಾರ್ಕಿಗೆ ಹೋಗಿ ನೋಡಿದರೆ ಅಲ್ಲಿರುವುದು ಎರಡೇ. ಒಂದು ಪುಟಾಣಿ ರೈಲು, ಇನ್ನೊಂದು ಸೊಂಡಿಲಿನ ತುದಿ ಮುರಿದ ಆನೆಯ ಜಾರುಬಂಡೆ. ಅವೆರಡರ ಹತ್ತಿರ ಈಗ ಯಾರೂ ಸುಳಿಯುವುದಿಲ್ಲ, ಏಕೆಂದರೆ ಅವು ಆಗಲೇ ಬಂದುಬಿಟ್ಟಿವೆ. ನಮ್ಮೂರಿನವರಿಗೆ ಬೇಕಾಗಿರುವುದು ಬರಲಿರುವ ಆಟಗಳು. ಪಾರ್ಕಿನವರು ಊರಿನ ಯಾವುದಾದರೂ ಜಾಗದಲ್ಲಿ ‘ಶೀಘ್ರದಲ್ಲೇ ಬರಲಿದೆ’ ಎಂದು ಒಂದು ಬೋರ್ಡು ನೆಟ್ಟರೆಂದರೆ ಆ ಗಳಿಗೆಯಿಂದ ಅಲ್ಲಿ ಆಟ ಶುರು. ಬಸ್‌ಸ್ಟ್ಯಾಂಡಿನಲ್ಲಿ ಜೈಂಟ್ ವೀಲ್ ಬರಲಿದೆ. ಅಲ್ಲಿ ಬಸ್ಸಿಗೆ ಕಾಯುವವರ ಹೊಟ್ಟೆ ನಿಧಾನವಾಗಿ ಮೇಲೇರಿ ನಿಧಾನವಾಗಿ ಇಳಿಯುತ್ತದೆ, ನಿಂಬೆಹಣ್ಣು ಮಾರುವವರಿಗೆ ಒಳ್ಳೆಯ ವ್ಯಾಪಾರ. ಸಂತೆಮಾಳದಲ್ಲಿ ಕೊಲಂಬಸ್ ಎಂಬ ತೂಗಾಡುವ ಹಡಗು ಬರಲಿದೆ. ಅಲ್ಲಿ ತರಕಾರಿ ಕೊಳ್ಳುವವರು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಲೇ ಚೌಕಾಸಿ ಮಾಡುತ್ತಾರೆ. ತಾಲೂಕು ಕಚೇರಿಯ ಮುಂದಿನ ರಸ್ತೆಗೆ ವೇವ್ ಪೂಲ್ ಎಂದು ಬರೆದಿದ್ದರಿಂದ ಅರ್ಜಿ ಕೊಡಲು ಹೋಗುವವರು ಕಾಗದವನ್ನು ತಲೆಯ ಮೇಲೆ ಹಿಡಿದುಕೊಂಡು, ಸೀರೆ ಪಂಚೆ ಮೊಣಕಾಲಿನವರೆಗೆ ಎತ್ತಿಕೊಂಡು ದಾಟುತ್ತಾರೆ. ಬೋರ್ಡು ನೆಡಲು ಶುರುಮಾಡಿದ ಈ ಹನ್ನೊಂದು ವರ್ಷದಲ್ಲಿ ಒಂದು ಇಟ್ಟಿಗೆಯ ಮೇಲೆ ಇನ್ನೊಂದು ಇಟ್ಟಿಗೆ ಇಟ್ಟಿದ್ದನ್ನು ನಾನಂತೂ ಕಂಡಿಲ್ಲ. ಯಾವಾಗ ಕಟ್ಟುತ್ತೀರಿ ಎಂದು ಕೇಳಿದವರನ್ನೂ ಕಂಡಿಲ್ಲ.

ನಮ್ಮ ಗಾಣದ ಬೀದಿಗೆ ಮಾತ್ರ ಏನೂ ಬಂದಿರಲಿಲ್ಲ. ಹನ್ನೆರಡು ಅಂಗಡಿಗಳ ಸಣ್ಣ ಬೀದಿ, ಎರಡು ಕಡೆಯೂ ಗೋದಾಮಿನ ಗೋಡೆಗೆ ಅಂಟಿಕೊಂಡ ಅಂಗಡಿಗಳು. ಹಿಂಬಾಗಿಲು ಎಂಬುದು ಯಾರಿಗೂ ಇಲ್ಲ. ಬೀದಿಗೂ ಒಂದೇ ಬಾಯಿ, ಆ ತುದಿಯಲ್ಲಿ ಗೋಡೆ. ಕೊಲಂಬಸ್ಸಿನ ಕಡೆಯವರು ನಮ್ಮನ್ನು ನೋಡಿ, ನಿಮ್ಮಲ್ಲಿ ಇನ್ನೂ ಸುಮ್ಮನೆ ನಡೆದುಕೊಂಡೇ ಹೋಗುತ್ತೀರಾ ಎಂದು ಕೇಳುತ್ತಿದ್ದರು. ಅದು ನಮಗೆ ಚುಚ್ಚುತ್ತಿತ್ತು. ಪಾತ್ರೆ ಅಂಗಡಿಯ ವೀರಭದ್ರಪ್ಪನವರು ಒಂದು ಮನವಿ ಬರೆದರು: ನಮಗೆ ಬರುವುದಾದರೆ ಎಲ್ಲಕ್ಕಿಂತ ದೊಡ್ಡದು ಬರಲಿ. ಹನ್ನೆರಡು ಅಂಗಡಿಯವರೂ ಸಹಿ ಹಾಕಿದೆವು. ನಾನೂ ಹಾಕಿದೆ, ಸುಳ್ಳು ಏಕೆ ಹೇಳಲಿ. ಸಹಿ ಅಷ್ಟೇ ಅಲ್ಲ, ಬೋರ್ಡಿನ ಅನಾವರಣಕ್ಕೆ ಬೇಕಾದ ಕೆಂಪು ಸ್ಯಾಟಿನ್ ಪರದೆಯನ್ನು ನಾನೇ ಎರಡು ದಿನ ಕೂತು ಹೊಲಿದೆ, ಅಂಚಿಗೆ ಜರಿ ಇಟ್ಟು. ನನ್ನ ಮೂರ್ಖತನಕ್ಕೆ ಜರಿ ಅಂಚು ಬೇರೆ.

ಪಾರ್ಕಿನ ಮ್ಯಾನೇಜರು ಪದ್ಮರಾಜಯ್ಯನವರು ಬಂದು ಪರದೆ ಎಳೆದರು. ‘ಗರುಡ: ಬಾನಿನಿಂದ ಧುಮುಕುವ ರೋಲರ್ ಕೋಸ್ಟರ್, ಶೀಘ್ರದಲ್ಲೇ.’ ಹೆಸರು ಓದಿ ಮುಗಿಯುವಷ್ಟರಲ್ಲಿ ಬೀದಿಯ ಆ ತುದಿಯಿಂದ ಗಾಳಿ ಎದ್ದಿತು. ಮುಂದೆಯೇ ನಿಂತಿದ್ದ ನನ್ನ ಮುಖಕ್ಕೂ ಅದರ ಒಂದು ಎಳೆ ಬಡಿಯಿತು. ಬಹಳ ಚೆನ್ನಾಗಿತ್ತು. ಜನ ಚಪ್ಪಾಳೆ ತಟ್ಟಿದರು, ವೀರಭದ್ರಪ್ಪನವರ ಕಣ್ಣಲ್ಲಿ ನೀರು ಬಂತು. ಆಮೇಲೆ ಪಾರ್ಕಿನ ಆಳುಗಳು ಬೀದಿಯ ಬಾಯಲ್ಲಿ ಒಂದು ಗುಂಡಿ ತೋಡಿ ಕೆಂಪು ಬಿಳಿ ಪಟ್ಟೆಯ ಕೋಲೊಂದನ್ನು ನೆಟ್ಟರು. ಕೋಲಿನಲ್ಲಿ ತಗಡಿನ ಗರುಡ, ಅದರ ಒಂದು ರೆಕ್ಕೆ ಸರಿಯಾಗಿ ನಾಲ್ಕು ಅಡಿ ಎತ್ತರಕ್ಕೆ ಚಾಚಿಕೊಂಡಿತ್ತು. ‘ನನ್ನ ರೆಕ್ಕೆಗೆ ತಲೆ ತಾಗಿದವರಿಗೆ ಮಾತ್ರ ಪ್ರವೇಶ’ ಎಂದು ಬರೆದಿತ್ತು. ಬೆಲ್ಟು ನಿಲ್ಲುವುದಿಲ್ಲವಂತೆ, ಗಿಡ್ಡವರು ಜಾರಿ ಬೀಳುತ್ತಾರಂತೆ. ಅಂಗಡಿಯವರು ಸಾಲಾಗಿ ನಿಂತು ರೆಕ್ಕೆಗೆ ತಲೆ ತಾಗಿಸಿ ಒಳಗೆ ಹೋದರು. ನನ್ನ ಸರದಿ ಬಂದಾಗ ರೆಕ್ಕೆ ನನ್ನ ತಲೆಯ ಮೇಲೆ ಖಾಲಿಯಾಗಿ ಉಳಿಯಿತು.

ಕೋಲಿನ ಕಾವಲಿಗೆ ನಿಂತವನು ಮರಿಸ್ವಾಮಿ. ನಮ್ಮ ಬೀದಿಯಲ್ಲೇ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದವನು. ಗರುಡನ ಗಾಳಿಗೆ ಇದ್ದಿಲಿನ ಕಿಡಿ ಹಾರುತ್ತದೆಂದು ಗಾಡಿ ಎತ್ತಿಸಿದರು, ಬದಲಿಗೆ ಈ ಕೆಲಸ ಕೊಟ್ಟರು. ನಾನು ಹೊಲಿದ ಬಟ್ಟೆಗೆ ಇಪ್ಪತ್ತು ವರ್ಷ ಇಸ್ತ್ರಿ ಹಾಕಿದ ಕೈ ಅದು. ಆ ಕೈಯನ್ನು ನನ್ನ ನೆತ್ತಿಗೂ ರೆಕ್ಕೆಗೂ ನಡುವೆ ಇಟ್ಟು ನೋಡಿ, ಬೇಜಾರಿನಿಂದ ಹೇಳಿದ.

“ಎರಡೇ ಇಂಚು ಕಣಕ್ಕ. ಅಷ್ಟೇ ಕಮ್ಮಿ ಬಿದ್ದಿರೋದು.”

ಎರಡು ಇಂಚಿನ ಬೆಲೆ ನನಗೆ ಯಾರೂ ಕಲಿಸಬೇಕಾಗಿಲ್ಲ. ನಾನು ಹೊಲಿಯುವ ಪ್ರತಿಯೊಂದು ರವಿಕೆಯ ಒಳಗೂ ಎರಡು ಇಂಚು ಬಟ್ಟೆ ಬಿಡುತ್ತೇನೆ, ನಾಳೆ ಹೆಂಗಸು ದಪ್ಪಗಾದರೆ ಬಿಚ್ಚಿಕೊಳ್ಳಲಿ ಎಂದು. ಊರಿನ ಹೆಂಗಸರಿಗೆಲ್ಲ ಅಷ್ಟು ಜಾಗ ಬಿಟ್ಟಿದ್ದೇನೆ. ನನಗೆ ಬಿಡುವವರು ಈ ಊರಿನಲ್ಲಿ ಒಬ್ಬರೂ ಇರಲಿಲ್ಲ.

ನನ್ನ ಅಂಗಡಿಯನ್ನು ನೋಡದವರಿಗೆ ನನ್ನ ಸಂಕಟ ತಿಳಿಯುವುದಿಲ್ಲ. ಬ್ಯಾಂಕಿನ ಕೌಂಟರು ನನಗೆ ಗೋಡೆ, ಬಸ್ಸಿನ ಮೆಟ್ಟಿಲು ಕಟ್ಟೆ, ಯಾರ ಮನೆಗೆ ಹೋದರೂ ಸ್ವಿಚ್ಚು ಹಾಕಲು ಇನ್ನೊಬ್ಬರನ್ನು ಕರೆಯಬೇಕು. ಅಂಗಡಿ ಮಾತ್ರ ಹಾಗಲ್ಲ. ವೆಲ್ಡಿಂಗಿನವರನ್ನು ಕರೆಸಿ ಮೆಷಿನ್ನಿನ ಕಾಲು ಆರು ಇಂಚು ಕತ್ತರಿಸಿದ್ದೇನೆ, ಪೆಡಲು ನನ್ನ ಪಾದ ಹುಡುಕಿಕೊಂಡು ಬರುವಂತೆ. ಬಟ್ಟೆ ಕತ್ತರಿಸುವ ಮೇಜು ನನ್ನ ಸೊಂಟಕ್ಕೆ, ನೂಲಿನ ಹಲಗೆ ನನ್ನ ಕಣ್ಣಿಗೆ, ಬಾಗಿಲ ಚಿಲಕ ನನ್ನ ಕೈಗೆ. ಉದ್ದದವರು ಒಳಗೆ ಬಂದರೆ ತಲೆ ಬಗ್ಗಿಸಿ ನಿಲ್ಲಬೇಕು, ನಿಂತರೆ ನಾನೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಈ ಭೂಮಿಯ ಮೇಲೆ ನಾನು ಯಾರನ್ನೂ ಕರೆಯದೆ ಬದುಕುವ ಜಾಗ ಅದೊಂದೇ. ಅದರಿಂದ ನನ್ನನ್ನು ಹೊರಗಿಟ್ಟರು, ಇನ್ನೂ ಇಲ್ಲದ ಒಂದು ಆಟದಲ್ಲಿ ನಾನು ಜಾರಿ ಬೀಳಬಹುದೆಂದು.

ಮೊದಲ ವಾರ ನಾನು ಕೋಲಿನ ಪಕ್ಕದಲ್ಲಿ ಜಗಳವಾಡಿದೆ. ಎರಡನೆಯ ವಾರ ಜನ ನನ್ನ ಜಗಳಕ್ಕೂ ಹೊಂದಿಕೊಂಡರು. ನಮ್ಮೂರಿನವರ ದೊಡ್ಡ ಗುಣವೇ ಅದು, ಎಲ್ಲಕ್ಕೂ ಹೊಂದಿಕೊಳ್ಳುತ್ತಾರೆ. ಬೀದಿಯ ಬಾಯಲ್ಲಿ ಚಪ್ಪಲಿ ಬಿಡುವುದು, ಕನ್ನಡಕ ಜೇಬಿಗೆ ಹಾಕುವುದು, ಸೆರಗಿಗೆ ಎರಡು ಪಿನ್ನು ಜಾಸ್ತಿ ಚುಚ್ಚುವುದು, ಬಳೆ ಅಂಗಡಿ ದಾಟಿದ ಮೇಲೆ ಉಸಿರು ಬಿಗಿಹಿಡಿಯುವುದು, ಸರಿಯಾಗಿ ನನ್ನ ಮುಚ್ಚಿದ ಅಂಗಡಿಯ ಮುಂದೆ ಬಂದಾಗ ಓ ಎಂದು ಕೂಗುವುದು. ಗರುಡ ಧುಮುಕುವುದು ಅಲ್ಲೇ. ಈ ತುದಿಯಲ್ಲಿ ಮೊಸರಿನ ಬಿಂದಿಗೆ ಹೊತ್ತುಕೊಂಡು ಹೊಕ್ಕವಳು ಆ ತುದಿಯಲ್ಲಿ ಮಜ್ಜಿಗೆ ಮಾರುತ್ತಿದ್ದಳು. ಇದನ್ನೆಲ್ಲ ನಾನು ಹೊರಗಿನಿಂದ ನೋಡಬೇಕು. ನನ್ನ ಜೊತೆ ಅಲ್ಲಿ ನಿಲ್ಲುತ್ತಿದ್ದವರು ಯಾರು? ಅಪ್ಪ ಅಮ್ಮ ಅಂಗಡಿಗೆ ಹೋಗಿ ಬರುವವರೆಗೆ ಕೋಲಿನ ಹತ್ತಿರ ಬಿಟ್ಟುಹೋದ ಮಕ್ಕಳು. ನೀನು ಎಷ್ಟನೇ ಕ್ಲಾಸು ಎಂದು ಒಂದು ಮಗು ನನ್ನನ್ನು ಕೇಳಿತು. ಮಗುವಿನದೇನು ತಪ್ಪು? ಆದರೆ ಆ ಪ್ರಶ್ನೆಯನ್ನು ಕೇಳಿಸಿಕೊಳ್ಳುವ ಜಾಗಕ್ಕೆ ನನ್ನನ್ನು ತಂದು ನಿಲ್ಲಿಸಿದವರನ್ನು ಮಾತ್ರ ನಾನು ಕ್ಷಮಿಸಲಾರೆ.

ಪಾರ್ಕಿನ ಆಫೀಸಿಗೆ ಹೋದೆ. ಪದ್ಮರಾಜಯ್ಯನವರು ಮೇಜಿನ ಆಚೆಯಿಂದ ಯಾರದು ಯಾರದು ಎಂದು ಹುಡುಕಿ, ಕೊನೆಗೆ ಎದ್ದು ಬಗ್ಗಿ ನೋಡಿ, ಅಯ್ಯೋ ಬನ್ನಿ ಎಂದು ಕುರ್ಚಿ ಹಾಕಿಸಿದರು. ಒಳ್ಳೆಯ ಮಾತಿನ ಮನುಷ್ಯ. ಗೋಡೆಯ ತುಂಬ ಬರಲಿರುವ ಆಟಗಳ ಬಣ್ಣದ ನಕ್ಷೆ, ನಮ್ಮೂರಿನಲ್ಲಿ ಮನೆಗಳಿರುವ ಜಾಗದಲ್ಲೆಲ್ಲ ನಕ್ಷೆಯಲ್ಲಿ ಚಕ್ರ, ಕೊಳ, ಬೆಟ್ಟ. ನನ್ನ ಅಂಗಡಿ ಇದ್ದ ಕಡೆ ಒಂದು ಕಬ್ಬಿಣದ ಇಳಿಜಾರು. ಗರುಡನನ್ನು ಯಾವಾಗ ಕಟ್ಟುತ್ತೀರಿ ಎಂದು ನಾನು ನೇರವಾಗಿ ಕೇಳಿದೆ.

“ಕಟ್ಟೋಣಮ್ಮ, ಅವಸರ ಏನು? ಕಟ್ಟಿಬಿಟ್ರೆ ಆಮೇಲೆ ಜನಕ್ಕೆ ಎದುರು ನೋಡೋಕೆ ಏನುಳಿಯುತ್ತೆ?”

“ಇಲ್ಲದೇ ಇರೋದ್ರಿಂದ ನಾನು ಹೆಂಗ್ ಸ್ವಾಮಿ ಬೀಳ್ತೀನಿ?”

“ಗಾಳಿ ಬೀಸ್ತಾ ಇದೆಯಲ್ಲಮ್ಮ” ಎಂದರು, ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಎನ್ನುವ ಹಾಗೆ. ಆಮೇಲೆ ನಕ್ಷೆಯ ಒಂದು ಮೂಲೆಗೆ ಬೆರಳಿಟ್ಟು, ಐದನೆಯ ಹಂತದಲ್ಲಿ ಚಿಣ್ಣರ ಲೋಕ ಬರಲಿದೆ, ಬಾತುಕೋಳಿ ದೋಣಿ, ಕೂತು ತಿರುಗುವ ಕಪ್‌ಸಾಸರು, ಎಲ್ಲ ಸಣ್ಣ ಸಣ್ಣದು, ಅಲ್ಲಿ ನಿಮಗೇ ಮೊದಲ ಪ್ರವೇಶ ಎಂದು ಸಂತೋಷವಾಗಿ ಹೇಳಿದರು. ನನಗೆ ನಲವತ್ತೆಂಟು ವರ್ಷ ಎಂದೆ. ಅದಕ್ಕೇನಂತೆ, ವಯಸ್ಸಿನ ಮಿತಿ ಇಲ್ಲ ಎಂದರು. ಆ ಮನುಷ್ಯನ ಮುಖದಲ್ಲಿ ಒಂದಿಷ್ಟು ಕುಹಕ ಇದ್ದಿದ್ದರೆ ಎರಡು ಮಾತು ಬೈದು ಬರುತ್ತಿದ್ದೆ. ಇರಲಿಲ್ಲ. ನಿಜವಾಗಿಯೂ ನನಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದರು. ಅದು ನನ್ನನ್ನು ಇನ್ನೂ ಉರಿಸಿತು.

ಸೀರೆಗೆ ಫಾಲ್ ಹಾಕುವ ಜುಬೇದಾ ನನ್ನ ಪಕ್ಕದ ಅಂಗಡಿಯವಳು, ಒಳ್ಳೆಯ ಜೀವ. ದಿನಾ ನನ್ನ ಬೀಗ ತೆಗೆದು ಬೇಕಾದ ಬಟ್ಟೆ, ಕತ್ತರಿ, ನೂಲು ಹೊರಗೆ ತಂದುಕೊಡುತ್ತಿದ್ದಳು. ಕೋಲಿನ ಎದುರಿನ ಹೊಂಗೆ ಮರದ ಕೆಳಗೆ ಎರಡು ಸ್ಟೂಲು ಹಾಕಿಕೊಂಡು ನಾನು ಕೈಹೊಲಿಗೆ ಹಾಕುತ್ತಿದ್ದೆ. ನನ್ನ ಮೆಷಿನ್ನು ನೆಲಕ್ಕೆ ಬಿಗಿದದ್ದು, ಹೊರಗೆ ತರುವಂತಿರಲಿಲ್ಲ. ಅವಳ ಮನೆಯ ಮೆಷಿನ್ನಿನಲ್ಲಿ ಕೂತರೆ ಕಾಲು ಗಾಳಿಯಲ್ಲಿ ತೇಲುತ್ತಿತ್ತು. ಒಂದು ದಿನ ಅವಳು ಎತ್ತರದ ಹಿಮ್ಮಡಿಯ ಚಪ್ಪಲಿ ತಂದು ನನ್ನ ಮುಂದಿಟ್ಟಳು. ಹಾಕ್ಕೊಳ್ಳಿ ದಾಕ್ಷಕ್ಕ, ಮರಿಸ್ವಾಮಿ ನೋಡಿಯೂ ನೋಡದ ಹಾಗೆ ಇರುತ್ತಾನೆ ಎಂದಳು. ಅವನೂ ಆ ಕಡೆ ತಿರುಗಿ ತಲೆ ಆಡಿಸಿದ. ನಾನು ಚಪ್ಪಲಿಯನ್ನು ಮತ್ತೆ ಅವಳ ಚೀಲಕ್ಕೆ ಹಾಕಿದೆ.

“ನನ್ ಅಂಗಡಿಗೆ ನಾನು ಕಳ್ಳಿ ಥರ ಹೋಗ್ಬೇಕಾ ಜುಬೇದಾ? ನನ್ ಕಾಲಲ್ಲೇ ಹೋಗ್ತೀನಿ, ಇಲ್ಲಾಂದ್ರೆ ಇಲ್ಲೇ ಕೂತಿರ್ತೀನಿ.”

ಹಟ ಎಂದಳು. ಹಟವೇ. ಹಾಗೆ ಏಳು ತಿಂಗಳು ಕೂತೆ. ಮದುವೆಯ ಕಾಲ ಬಂದು ಹೋಯಿತು, ಮದುಮಗಳ ರವಿಕೆ ಕೈಹೊಲಿಗೆಯಲ್ಲಿ ಬೇಡವೆಂದು ಹಳೆಯ ಗಿರಾಕಿಗಳು ಬೇರೆ ಕಡೆ ಹೋದರು. ಹೋಗುವಾಗಲೂ ಗರುಡನ ಮಾತೇ. ಇನ್ನೂ ಬಂದಿಲ್ಲ, ಆಗಲೇ ಇಷ್ಟು ಮಜಾ, ಬಂದರೆ ಹೇಗಿರಬೇಡ ಎಂದು ನನ್ನ ಮುಂದೆಯೇ ಹೇಳಿಕೊಂಡು ನಗುತ್ತಿದ್ದರು. ಬಳೆ ಅಂಗಡಿಯವರ ಮಗಳು ಸಿಂಚನ ನನ್ನ ಜೊತೆ ನಾಲ್ಕು ತಿಂಗಳು ಮರದ ಕೆಳಗೆ ಕಾದಳು. ಅವಳಿಗೆ ಗುಂಡಿ ಹಚ್ಚುವುದು ಕಲಿಸಿದೆ, ಲೆಕ್ಕ ಹೇಳಿಕೊಟ್ಟೆ. ಒಂದು ಬೆಳಿಗ್ಗೆ ಅವಳ ತಲೆ ರೆಕ್ಕೆಗೆ ತಾಗಿತು. ಬೀದಿಯವರೆಲ್ಲ ಚಪ್ಪಾಳೆ ತಟ್ಟಿ ಅವಳಿಗೆ ಸಿಹಿ ತಿನ್ನಿಸಿದರು. ಅವಳು ಓಡಿಹೋಗಿ, ನನ್ನ ಅಂಗಡಿಯ ಮುಂದೆ ನಿಂತು ಕೂಗಿ, ಕೆದರಿದ ಕೂದಲಲ್ಲಿ ತಿರುಗಿ ನನಗೆ ಕೈ ಬೀಸಿದಳು. ನಾನೂ ಬೀಸಿದೆ.

ಅದಾಗಿ ಎರಡು ತಿಂಗಳಿಗೆ ಪಾರ್ಕಿನವರು ಮರಿಸ್ವಾಮಿಗೆ ಹೊಸ ಸಮವಸ್ತ್ರ ಕೊಟ್ಟರು. ಡಜನ್ನುಗಟ್ಟಲೆ ಒಂದೇ ಅಳತೆಯಲ್ಲಿ ಹೊಲಿಸಿದ್ದು. ಅಂಗಿ ಅವನ ತೊಡೆ ಮುಚ್ಚುತ್ತಿತ್ತು, ಪ್ಯಾಂಟು ಕಣಕಾಲು ಮುಟ್ಟುತ್ತಿರಲಿಲ್ಲ. ಸಂಕೋಚಪಡುತ್ತ ಬಂದು, ಸರಿ ಮಾಡಿಕೊಡ್ತೀಯಾ ಅಕ್ಕ ಎಂದ. ನನಗೆ ಅವನ ಮೇಲೆ ಸಿಟ್ಟಿತ್ತು, ಆದರೆ ಕೆಟ್ಟ ಹೊಲಿಗೆಯ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು. ಅಳತೆ ತೆಗೆಯಲು ಅವನ ಕುತ್ತಿಗೆ ನನಗೆ ಎಟುಕುವುದಿಲ್ಲ, ಕೂತ್ಕೊ ಎಂದೆ. ಅವನು ಒಂದು ಸ್ಟೂಲಿನ ಮೇಲೆ ಕೂತ. ನಾನು ಎದುರಿನ ಸ್ಟೂಲಿನ ಮೇಲೆ ಕೂತು ಟೇಪು ಬಿಚ್ಚಿ ತಲೆ ಎತ್ತಿದೆ. ಎತ್ತಬೇಕಾಗಿರಲಿಲ್ಲ. ಅವನ ಕಣ್ಣು ನೇರವಾಗಿ ನನ್ನ ಕಣ್ಣಿನ ಮುಂದೆಯೇ ಇತ್ತು.

ಇಪ್ಪತ್ತಾರು ವರ್ಷ ನಾನು ಗಿರಾಕಿಗಳನ್ನು ನಿಲ್ಲಿಸಿ, ನಾನು ಸ್ಟೂಲು ಹತ್ತಿ ಅಳತೆ ತೆಗೆದವಳು. ಯಾರ ಎದುರಿಗೂ ಹೀಗೆ ಕೂತಿರಲಿಲ್ಲ. ಅವನ ಬೆನ್ನಿನ ಉದ್ದ ಅಳೆದೆ. ನನ್ನ ಬೆನ್ನಿನ ಅಳತೆ ನನಗೆ ಬಾಯಿಪಾಠ, ನನ್ನ ರವಿಕೆ ನಾನೇ ಹೊಲಿದುಕೊಳ್ಳುವುದು. ಅವನದಕ್ಕೂ ನನ್ನದಕ್ಕೂ ಕೂದಲೆಳೆಯ ವ್ಯತ್ಯಾಸ. ಅವನ ಎತ್ತರವೆಲ್ಲ ಕಾಲಿನಲ್ಲಿತ್ತು. ನಾನು ಟೇಪು ಹಿಡಿದುಕೊಂಡೇ ತಿರುಗಿ ಬೋರ್ಡು ನೋಡಿದೆ. ಏಳು ತಿಂಗಳಿಂದ ದಿನಾ ನೋಡಿದ ಚಿತ್ರ. ಗರುಡನ ಬೆನ್ನ ಮೇಲೆ ಇಪ್ಪತ್ತು ಜನ ಬಾಯಿ ತೆರೆದು ಹಾರುತ್ತಿದ್ದಾರೆ, ಇಪ್ಪತ್ತು ಜನವೂ ಕೂತಿದ್ದಾರೆ. ಇಡೀ ಊರು, ಮ್ಯಾನೇಜರು, ಮನವಿ ಬರೆದ ವೀರಭದ್ರಪ್ಪನವರು, ಅಳತೆಯನ್ನೇ ಕಸುಬು ಮಾಡಿಕೊಂಡ ನಾನು, ಇಷ್ಟೂ ಜನ ಕೂತು ಹೋಗುವ ಆಟಕ್ಕೆ ಮನುಷ್ಯರನ್ನು ನಿಲ್ಲಿಸಿ ಅಳೆದಿದ್ದೆವು.

ಮಾರನೆಯ ದಿನ ಹತ್ತು ಗಂಟೆಗೆ, ಎಲ್ಲರೂ ಅಂಗಡಿ ತೆಗೆಯಲು ಬಂದು ಚಪ್ಪಲಿ ಬಿಡುವ ಹೊತ್ತಿಗೆ, ಎರಡೂ ಸ್ಟೂಲನ್ನು ತಂದು ಕೋಲಿನ ಬುಡದಲ್ಲಿ ಪಕ್ಕಪಕ್ಕಕ್ಕೆ ಇಟ್ಟೆ. ಒಂದೇ ಬಡಗಿ ಮಾಡಿದ, ಒಂದೇ ಎತ್ತರದ ಸ್ಟೂಲುಗಳು. ಮರಿಸ್ವಾಮಿಯನ್ನು ಕೂರು ಎಂದೆ. ಅಂಗಿ ಸರಿಯಾಗಿದೆಯಾ ನೋಡಲೆಂದು ಕರೆದೆನೆಂದುಕೊಂಡು ಅವನು ಕೂತ. ಪಕ್ಕದಲ್ಲಿ ನಾನು ಕೂತೆ. ಬಟ್ಟೆ ಅಳೆಯುವ ಮರದ ಪಟ್ಟಿಯನ್ನು ಜುಬೇದಾಳ ಕೈಗೆ ಕೊಟ್ಟು, ನಮ್ಮಿಬ್ಬರ ತಲೆಯ ಮೇಲೆ ಅಡ್ಡ ಇಡು ಎಂದೆ. ಅವಳು ಇಟ್ಟಳು. ಜನ ನಗಲು ಶುರು ಮಾಡಿದರು, ಆಮೇಲೆ ನಿಲ್ಲಿಸಿದರು. ಪಟ್ಟಿಯ ನಡುವೆ ಒಂದು ನೂಲು ಸುತ್ತುವ ಬಾಬಿನ್ನು ಇಡು ಎಂದೆ. ಬಾಬಿನ್ನು ಕ್ಷಣ ನಿಂತಿತು, ಆಮೇಲೆ ಮೆಲ್ಲಗೆ ಮರಿಸ್ವಾಮಿಯ ಕಡೆಗೆ ಉರುಳಿ ಅವನ ಮಡಿಲಿಗೆ ಬಿತ್ತು. ಕೂತಾಗ ಅವನ ತಲೆಯೇ ಕೂದಲೆಳೆಯಷ್ಟು ತಗ್ಗು.

ನಾನು ಕೂತಲ್ಲಿಂದಲೇ ಕೇಳಿದೆ.

“ಗರುಡದಲ್ಲಿ ನಿಂತ್ಕೊಂಡ್ ಹೋಗ್ತೀರೋ, ಕೂತ್ಕೊಂಡ್ ಹೋಗ್ತೀರೋ? ಯಾರಾದ್ರೂ ಬಾಯಿಬಿಟ್ಟು ಹೇಳಿ.”

ಅವರಿಗೆ ಗೊತ್ತಾಗಿತ್ತು, ಗೊತ್ತಾದದ್ದು ಮುಖದಲ್ಲಿ ಕಾಣುತ್ತಿತ್ತು. ಗೊತ್ತಾದ ಮೇಲೆ ಪಾಪ ಅನ್ನುತ್ತಾರೆ, ಬಾ ಅನ್ನುತ್ತಾರೆ ಎಂದುಕೊಂಡಿದ್ದೆ. ವೀರಭದ್ರಪ್ಪನವರು ಮುಂದೆ ಬಂದರು. ನಾನು ಮರ್ಯಾದೆ ಕೊಡುವ ಹಿರಿಯರು, ನನ್ನ ಮೊದಲ ಮೆಷಿನ್ನಿಗೆ ಜಾಮೀನು ನಿಂತವರು. ಅವರು ನನಗೆ ಕೈ ಮುಗಿದರು.

“ಬೇಡ ತಾಯಿ. ಇವತ್ತು ಕೋಲು ತಪ್ಪು ಅಂತೀಯ. ನಾಳೆ ಬೋರ್ಡೇ ಸುಳ್ಳು ಅಂತೀಯ. ಆಮೇಲೆ ಗಾಳಿ ನಿಂತೋದ್ರೆ ನಮ್ಗೆ ಏನದೆ ಈ ಬೀದೀಲಿ?”

ಆಗ ನನಗೆ ತಿಳಿಯಿತು. ಇವರು ನನ್ನನ್ನು ಅಳೆಯಲೇ ಇಲ್ಲ. ಬರಲಿರುವುದೊಂದು ಬರುತ್ತಲೇ ಇರಲಿ ಎಂದು ನನ್ನನ್ನು ಹೊರಗೆ ಕೂರಿಸಿದ್ದರು, ಮನೆಗೆ ನೆಂಟರು ಬರುತ್ತಾರೆಂದು ಮನೆಯವಳನ್ನೇ ಜಗಲಿಗೆ ಕಳಿಸುವ ಹಾಗೆ. ನಾನೂ ಇವರಲ್ಲೊಬ್ಬಳು. ನನ್ನ ನೆತ್ತಿ ನಾಲ್ಕು ಅಡಿಗೆ ಮುಟ್ಟಿದ್ದರೆ, ಇನ್ನೊಬ್ಬಳು ಮರದ ಕೆಳಗೆ ಕೂತಿದ್ದರೆ, ನಾನೂ ಸೆರಗಿಗೆ ಪಿನ್ನು ಚುಚ್ಚಿಕೊಂಡು ಅವಳ ಮುಂದೆ ಹಾದುಹೋಗುತ್ತಿದ್ದೆನೇನೋ. ಹಾಗೆ ಯೋಚಿಸಿದಾಗ ಸಿಟ್ಟು ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಅವರ ಪಾಲಿನದರ ಜೊತೆಗೆ ನನ್ನ ಪಾಲಿನದೂ ಸೇರಿಕೊಂಡಿತು.

ಗಾಳಿ ನಿಲ್ಲಲಿ, ಬೀಸಲಿ, ಅದು ಗರುಡನ ಪಾಡು, ನಾನು ಆಟಕ್ಕೆ ಬಂದವಳಲ್ಲ, ಕೆಲಸಕ್ಕೆ ಬಂದವಳು ಎಂದು ಹೇಳಿ ಸ್ಟೂಲಿನಿಂದ ಇಳಿದೆ. ರೆಕ್ಕೆಯ ಕೆಳಗೆ ತಲೆ ಬಗ್ಗಿಸದೆ ನಡೆದೆ. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಗಾಳಿ ನನ್ನನ್ನು ಹಿಡಿಯಿತು, ಹೊಟ್ಟೆ ಬಾಯಿಗೆ ಬಂತು, ಕಾಲ ಕೆಳಗಿನ ನೆಲ ಎಲ್ಲಿಗೋ ಜಾರಿತು. ನಾನು ಕೂಗಿದೆ. ಅದು ಹೆದರಿಕೆಯ ಕೂಗಲ್ಲ, ಏಳು ತಿಂಗಳು ಗಂಟಲಲ್ಲಿ ಇಟ್ಟುಕೊಂಡದ್ದು. ಜಾರಲಿಲ್ಲ, ಬೀಳಲಿಲ್ಲ. ಹಿಂದಿನಿಂದ ಬೀದಿಯವರೆಲ್ಲ ಒಂದೇ ದನಿಯಲ್ಲಿ, ಹಿಡಿಯೋ ಅವಳನ್ನ, ನಿನ್ನ ಕೆಲಸ ಅದೇ ಅಲ್ವೇನೋ ಎಂದು ಮರಿಸ್ವಾಮಿಯ ಮೇಲೆ ಮುಗಿಬೀಳುವುದು ಕೇಳಿಸುತ್ತಿತ್ತು. ನನ್ನನ್ನು ಹಿಡಿಯಬೇಕಾದರೆ ಅವನು ಎದ್ದು ನಿಲ್ಲಬೇಕಿತ್ತು. ಅಂಗಡಿಯ ಬಾಗಿಲಿನಲ್ಲಿ ತಿರುಗಿ ನೋಡಿದೆ. ಬಾಬಿನ್ನನ್ನು ಅಂಗೈಯಲ್ಲಿ ಇಟ್ಟುಕೊಂಡು ಮರಿಸ್ವಾಮಿ ಕೂತೇ ಇದ್ದ.